ಹಡಗಿಗೆ ಸೋಫಾ, ಗುಜರಿಗೆ ಕನ್ನಡ

ಕಳೆದ ಮಳೆಗಾಲಕ್ಕೆ ಮೊದಲು ನನ್ನ ಹಳೆಯ ಶಿಷ್ಯನೊಬ್ಬ ಸಂಸಾರ ಸಮೇತ ಮೆಲ್ಬರ್ನಿಗೆ ಹೊರಟ. ಬದಿಯಡ್ಕದ ಆಚೆಗಿನ ಅವರ ಮನೆಯಲ್ಲಿ ಮೂರು ದಿನ ಸಾಮಾನು ಕಟ್ಟುವ ಗದ್ದಲ. “ಮಾಸ್ಟ್ರೇ, ಒಮ್ಮೆ ಬಂದು ಹೋಗಿ” ಎಂದು ಕರೆದ; ಹೋದೆ. ಚಾವಡಿಯಲ್ಲಿ ಎರಡು ರಾಶಿಗಳಿದ್ದವು. ಒಂದು ಹಡಗಿಗೆ ಹೋಗುವುದು: ಸೋಫಾ, ಊಟದ ಮೇಜು, ಬಟ್ಟೆ ಒಗೆಯುವ ಯಂತ್ರ, ಅಜ್ಜಿಯ ಕಾಲದ ಹಿತ್ತಾಳೆ ದೀಪ, ಅಜ್ಜನ ಮರದ ಪೆಟ್ಟಿಗೆ. ಇನ್ನೊಂದು ಗುಜರಿಯವನಿಗೆ. ಅದರಲ್ಲಿದ್ದದ್ದು ನಾಲ್ಕು ತಲೆಮಾರಿನ ಕಾಗದ. ಅಜ್ಜ ತಾಳಮದ್ದಳೆಗೆಂದು ಕೈಯಲ್ಲಿ ಬರೆದಿಟ್ಟ ಪ್ರಸಂಗದ ಪುಸ್ತಕಗಳು. ಅಪ್ಪ ವರ್ಷ ವರ್ಷ ಕೊಂಡ ಕಾದಂಬರಿಗಳು. ಅಮ್ಮನ ಭಜನೆಯ ಪುಸ್ತಕ. ಮದರಾಸು ಸರಕಾರದ ಕಾಲದ ಗೇಣಿ ಚೀಟಿಗಳು. ಎಲ್ಲಕ್ಕೂ ಮೇಲೆ, ಇವನದೇ ಒಂದನೇ ತರಗತಿಯ ಕಾಪಿ ಪುಸ್ತಕ. “ಅರಸ”, “ಸರ”, “ಬಸವ” ಎಂದು ತಿದ್ದಿದ ಆ ಪುಟಗಳ ಅಂಚಿನಲ್ಲಿ ಕೆಂಪು ಶಾಯಿಯ ಒಂದು ರುಜು ಇತ್ತು. ಅದು ನನ್ನದು.

“ಇದನ್ನೆಲ್ಲ ಕೊಂಡುಹೋಗುವುದಿಲ್ಲವೋ?” ಎಂದು ಕೇಳಿದೆ.

“ಪುಸ್ತಕ ಭಾರ ಅಲ್ಲವೋ ಮಾಸ್ಟ್ರೇ” ಎಂದ.

ಸುಳ್ಳು ಹೇಳುವ ಹುಡುಗನಲ್ಲ ಅವನು. ತಾನು ಹೇಳಿದ್ದು ನಿಜವೆಂದೇ ಅವನು ನಂಬಿದ್ದ. ನಾವೆಲ್ಲರೂ ನಂಬಿದ್ದೇವೆ. ಈ ನಂಬಿಕೆ ಎಷ್ಟು ಪೊಳ್ಳು, ಅದರ ಮರೆಯಲ್ಲಿ ನಾವು ಏನನ್ನು ಅಡಗಿಸಿಟ್ಟಿದ್ದೇವೆ ಎಂಬುದನ್ನು ಬಿಡಿಸಿ ಹೇಳುವುದಕ್ಕೆ ಈ ಲೇಖನ. ಓದಿದವರಲ್ಲಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ಮೊದಲ ಅಪರಾಧಿ ನಾನೇ ಎಂಬುದನ್ನೂ ಮುಂದೆ ಹೇಳಲಿದ್ದೇನೆ.

* * *

ಮೊದಲು ಭಾರದ ಲೆಕ್ಕವನ್ನೇ ನೋಡೋಣ.

ನಮ್ಮ ಜಿಲ್ಲೆಯಿಂದ ಪರದೇಶಕ್ಕೆ ಹೋಗುವುದು ಹೊಸ ಸಂಗತಿಯಲ್ಲ. 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳಿಗೆ ನಮ್ಮವರು ಹೋಗುತ್ತ ಬಂದಿದ್ದಾರೆ. ಆಗ ಹೋಗುತ್ತಿದ್ದವನು ಗಂಡಸೊಬ್ಬ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯೊಂದು. ಮನೆ, ಮನೆಯವರು, ಮನೆಯ ಕಪಾಟು ಎಲ್ಲ ಇಲ್ಲಿಯೇ. ವಿಮಾನದಲ್ಲಿ ಒಂದೊಂದು ಕಿಲೋಗೂ ಲೆಕ್ಕ. ಉಪ್ಪಿನಕಾಯಿ ಭರಣಿ ಇಡುವುದೋ ಪುಸ್ತಕ ಇಡುವುದೋ ಎಂಬ ಪ್ರಶ್ನೆ ಬಂದರೆ ಉಪ್ಪಿನಕಾಯಿಯೇ ಗೆಲ್ಲುತ್ತಿತ್ತು, ಗೆಲ್ಲಬೇಕಾದ್ದೂ ನ್ಯಾಯವೇ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವನಿಗೆ ಪುಸ್ತಕ ಊರಿನಲ್ಲಿದ್ದರೆ ಸಾಕಾಗುತ್ತಿತ್ತು.

ಈಗ ಹೋಗುವ ರೀತಿಯೇ ಬೇರೆ. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಮೆಲ್ಬರ್ನಿಗೋ ಟೊರೆಂಟೋಗೋ ಡಬ್ಲಿನ್ನಿಗೋ ಹೊರಡುತ್ತಾರೆ. ಹಿಂದೆ ಉಳಿಯುವವರು ಇಬ್ಬರು ಮುದುಕರು. ಅವರೂ ಇಲ್ಲದಿದ್ದರೆ ಮನೆಗೆ ಬೀಗ. ಇದು ಪ್ರಯಾಣವಲ್ಲ, ಒಕ್ಕಲು ಏಳುವುದು. ಸಾಮಾನು ಹೋಗುವುದೂ ವಿಮಾನದಲ್ಲಿ ಅಲ್ಲ, ಹಡಗಿನಲ್ಲಿ. ಆದರೆ ನಾವು ಮಾತ್ರ ವಿಮಾನದ ತಕ್ಕಡಿಯನ್ನು ಹಿಡಿದುಕೊಂಡೇ ಹಡಗಿನ ಸಾಮಾನು ಆರಿಸಲು ಕುಳಿತಿದ್ದೇವೆ!

ವಿಮಾನದವನು ತೂಕ ನೋಡುತ್ತಾನೆ. ಹಡಗಿನವನು ಮುಖ್ಯವಾಗಿ ಜಾಗ ನೋಡುತ್ತಾನೆ. ಪೂರ್ತಿ ಕಂಟೈನರು ಹಿಡಿಯದೆ ಬೇರೆಯವರ ಸಾಮಾನಿನೊಂದಿಗೆ ಕಳಿಸುವಾಗ ಸಾಮಾನ್ಯವಾಗಿ ಬಾಡಿಗೆ ಘನಮೀಟರಿಗೆ ಇಷ್ಟೆಂದು. ಒಂದು ಘನಮೀಟರಿಗೆ ಒಂದು ಟನ್ನು, ಅಂದರೆ ಸಾವಿರ ಕಿಲೋ, ಸಮವೆಂದು ಹಿಡಿಯುವುದು ವಾಡಿಕೆ. ಅದನ್ನು ಮೀರಿದರೆ ಮಾತ್ರ ತೂಕದ ಮಾತು. ಪುಸ್ತಕ ಅದನ್ನು ಮೀರುತ್ತದೆಯೇ? ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಸಾಮಾನ್ಯ ಗಾತ್ರದ ಕಾದಂಬರಿಗಳು ಎಪ್ಪತ್ತರಷ್ಟು ಹಿಡಿಯುತ್ತವೆ. ತೂಕ 25 ಕಿಲೋ ಆಸುಪಾಸು. ಒಂದು ಘನಮೀಟರೆಂದರೆ 35 ಘನ ಅಡಿ ಚಿಲ್ಲರೆ. ಇಂಥ 23 ಪೆಟ್ಟಿಗೆಗಳು ಅದರಲ್ಲಿ ಹಿಡಿಯುತ್ತವೆ. ಎಲ್ಲ ಸೇರಿ ತೂಕ ಆರುನೂರು ಕಿಲೋದ ಒಳಗೇ ಆಯಿತು. ಸಾವಿರಕ್ಕೆ ಇನ್ನೂ ನಾನೂರು ಬಾಕಿ! ಹಡಗಿನ ಲೆಕ್ಕದಲ್ಲಿ ಪುಸ್ತಕ ಭಾರದ ವಸ್ತುವೇ ಅಲ್ಲ.

ಈಗ ಸೋಫಾ. ಏಳಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ. ಅರವತ್ತಮೂರು ಘನ ಅಡಿ. ಪುಸ್ತಕದ ಪೆಟ್ಟಿಗೆ ಒಂದೂವರೆ ಘನ ಅಡಿ. ನಮ್ಮ ಶಾಲೆಯ ಐದನೇ ತರಗತಿಯ ಮಗು ಭಾಗಿಸಿ ಹೇಳುತ್ತದೆ: ನಲುವತ್ತೆರಡು ಪೆಟ್ಟಿಗೆ. ಸುಮಾರು ಮೂರು ಸಾವಿರ ಪುಸ್ತಕ. ನಮ್ಮ ಎಷ್ಟೋ ಹಳ್ಳಿಯ ಗ್ರಂಥಾಲಯಗಳಲ್ಲಿ ಇಷ್ಟು ಕನ್ನಡ ಪುಸ್ತಕಗಳಿಲ್ಲ. ಒಂದು ಸೋಫಾದ ಹೊಟ್ಟೆಯೊಳಗೆ ಊರಿನ ಗ್ರಂಥಾಲಯವೊಂದು ಹಿಡಿಯುತ್ತದೆ ಎಂದಾಯಿತು. ಮೂರು ಸಾವಿರ ಯಾರಿಗೆ ಬೇಕು? ಇನ್ನೂರೈವತ್ತು, ಮುನ್ನೂರು ಸಾಕು. ಅಂದರೆ ನಾಲ್ಕು ಪೆಟ್ಟಿಗೆ, ಆರು ಘನ ಅಡಿ. ಬಟ್ಟೆ ಒಗೆಯುವ ಯಂತ್ರವೊಂದು ಹಿಡಿಯುವ ಜಾಗದಲ್ಲಿ ಏಳು ಪೆಟ್ಟಿಗೆ ಕೂರುತ್ತವೆ. ಆ ಯಂತ್ರ ಮೆಲ್ಬರ್ನಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಅಜ್ಜ ಬರೆದ ಪ್ರಸಂಗ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಹಾಗಾಗಿ, ಬಂಧುಗಳೇ, “ಪುಸ್ತಕ ಭಾರ” ಎಂಬ ಮಾತನ್ನು ಇನ್ನು ಆಡಬೇಡಿ. ಭಾರವಾದದ್ದು ಪುಸ್ತಕವಲ್ಲ. ಮುಂದಿನ ತಲೆಮಾರಿಗೆ ಕನ್ನಡ ಬೇಡ ಎಂದು ಪೆಟ್ಟಿಗೆ ಕಟ್ಟುವ ಮೊದಲೇ ಮನಸ್ಸಿನಲ್ಲಿ ತೀರ್ಮಾನಿಸಿದ್ದೇವೆ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ತಕ್ಕಡಿಯ ಮೇಲೆ ಹಾಕುತ್ತಿದ್ದೇವೆ.

* * *

“ಮನೆಯಲ್ಲಿ ಮಾತಾಡಿದರೆ ಭಾಷೆ ಉಳಿಯುತ್ತದೆ, ಕಾಗದ ಹೊತ್ತುಕೊಂಡು ಹೋದರೆ ಉಳಿಯುವುದೇ?” ಎಂದು ಕೇಳುವವರಿದ್ದಾರೆ. ಬೇರೆ ಊರಿನವರು ಕೇಳಿದರೆ ಒಪ್ಪುತ್ತಿದ್ದೆನೋ ಏನೋ. ಕಾಸರಗೋಡಿನವರು ಕೇಳಿದರೆ ಒಪ್ಪಲಾರೆ. ಕಾರಣ ಹೇಳುತ್ತೇನೆ.

ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕನ್ನಡ ಮನೆಮಾತು? ನನ್ನ ಮನೆಯಲ್ಲಿ ತುಳು. ಎದುರು ಮನೆಯಲ್ಲಿ ಹವ್ಯಕ. ತೋಟದ ಆಚೆ ಕೊಂಕಣಿ, ಗುಡ್ಡದ ಮೇಲೆ ಕರಾಡ, ಮರಾಠಿ. ಪೇಟೆಯಲ್ಲಿ ಬ್ಯಾರಿ, ಮಲಯಾಳ. ಕನ್ನಡಿಗರೆಂದು ನಾವು ಜನಗಣತಿಯಲ್ಲಿ ಬರೆಸಿದೆವು, ಮೆರವಣಿಗೆ ಹೋದೆವು, ಮಕ್ಕಳನ್ನು ಕನ್ನಡ ಶಾಲೆಗೆ ಸೇರಿಸಿದೆವು. ಯಾಕೆ? ನಮ್ಮ ಓದು, ಬರಹ, ಪುರಾಣ, ಯಕ್ಷಗಾನ, ಮದುವೆಯ ಕಾಗದ, ಜಾಗದ ಆಧಾರ, ಗೋರಿಯ ಕಲ್ಲಿನ ಹೆಸರು, ಎಲ್ಲ ಕನ್ನಡದಲ್ಲಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ; 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟದ್ದು ಅವರ ಕನ್ನಡಕ್ಕೆ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ನೂರು ವರ್ಷದ ಬಾಳಿನುದ್ದಕ್ಕೂ ಅವರು ಹೋರಾಡಿದ್ದು ಕನ್ನಡಕ್ಕೆ. ಕನ್ನಡ ನಮಗೆ ಅಡುಗೆಮನೆಯ ಭಾಷೆಯಾಗಿ ಬಂದದ್ದಲ್ಲ, ಅಕ್ಷರವಾಗಿ ಬಂದದ್ದು.

ಮನೆಮಾತು ಟಿಕೇಟಿಲ್ಲದೆ ಹೋಗುತ್ತದೆ. ತಾಯಿಯ ಬಾಯಲ್ಲಿ ಕೂತು ಹೋಗುತ್ತದೆ, ಮಗುವಿನ ಬಾಯಲ್ಲಿ ಇಳಿಯುತ್ತದೆ. ಮೆಲ್ಬರ್ನಿನ ಅಡುಗೆಮನೆಯಲ್ಲಿ ತುಳು ಇನ್ನೊಂದು ತಲೆಮಾರಾದರೂ ಇರುತ್ತದೆ. ಕನ್ನಡಕ್ಕೆ ಆ ಸೌಲಭ್ಯ ಇಲ್ಲ. ನಮ್ಮ ಕನ್ನಡ ಹೋಗುವುದಾದರೆ ಕಾಗದದ ಮೇಲೆಯೇ ಹೋಗಬೇಕು. ಕಾಗದ ಗುಜರಿಗೆ ಹೋಯಿತೋ, ನಮ್ಮ ಕನ್ನಡ ಚಂದ್ರಗಿರಿ ಹೊಳೆಯನ್ನೂ ದಾಟುವುದಿಲ್ಲ. ಕಡಲನ್ನು ದಾಟುವುದು ಎಲ್ಲಿಂದ?

ಕನ್ನಡ ಹೋದರೆ ಅದೊಂದೇ ಹೋಗುವುದಿಲ್ಲ ಎಂಬುದನ್ನು ನಾನು ಕಲಿತದ್ದು ನನ್ನ ಮನೆಯಲ್ಲಿ.

2009ರಲ್ಲಿ ನನ್ನ ಮಗ ಟೊರೆಂಟೋಗೆ ಹೊರಟ. ಹೋದದ್ದು ವಿಮಾನದಲ್ಲೇ, ತಲೆಗೆ ಇಪ್ಪತ್ತಮೂರು ಕಿಲೋದ ಎರಡೆರಡು ಪೆಟ್ಟಿಗೆ. ಸೊಸೆ ತನ್ನ ಪೆಟ್ಟಿಗೆಯ ತಳದಲ್ಲಿ ಇಪ್ಪತ್ತು ಪುಸ್ತಕ ಇಟ್ಟಿದ್ದಳು. ಅವುಗಳನ್ನು ಹೊರಗೆ ತೆಗೆದವನು ನಾನು. ನಲುವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರು, ನನ್ನ ಕೈಯಿಂದಲೇ ತೆಗೆದೆ. ಆ ಜಾಗದಲ್ಲಿ ಹೊಸ ಮಿಕ್ಸಿ ಇಟ್ಟೆ. “ಹೊಟ್ಟೆಗೆ ಬೇಕಾದ್ದು ಮೊದಲು” ಎಂದೆ. ದೊಡ್ಡ ಬುದ್ಧಿವಂತನ ಹಾಗೆ. ನಮ್ಮಲ್ಲಿ ವಿದ್ಯುತ್ತು 230 ವೋಲ್ಟು, ಕೆನಡಾದಲ್ಲಿ 120. ಆ ಮಿಕ್ಸಿ ಅಲ್ಲಿ ಜ್ವರ ಬಂದವನ ಹಾಗೆ ನರಳಿ ನರಳಿ ತಿರುಗಿತಂತೆ. ಚಟ್ನಿಯ ತೆಂಗಿನಕಾಯಿ ಕೂಡ ನುಣ್ಣಗಾಗಲಿಲ್ಲ. ತಿಂಗಳೊಳಗೆ ಮೂಲೆ ಸೇರಿತು. ಇಪ್ಪತ್ತು ಪುಸ್ತಕಗಳು ಇಲ್ಲಿ ಗೆದ್ದಲಿಗೆ ಹೋದವು.

ಕಳೆದ ವರ್ಷ ಮೊಮ್ಮಗ ಬಂದಿದ್ದ, ಹನ್ನೆರಡು ವರ್ಷ. ತುಳುವನ್ನು ಚೆನ್ನಾಗಿಯೇ ಮಾತಾಡುತ್ತಾನೆ. ನೆರೆಮನೆಯ ಅಜ್ಜಿಯಂದಿರಿಗೆ ಅವನೆಂದರೆ ಪ್ರಾಣ. ನನ್ನ ಮನಸ್ಸಿಗೂ ತುಂಬಾ ಸಮಾಧಾನವಾಯಿತು. ಒಂದು ಮಧ್ಯಾಹ್ನ ಅವನು ತೀರಿಹೋದ ತನ್ನ ಅಜ್ಜಿಯ ಪುಸ್ತಕವೊಂದನ್ನು ಕಪಾಟಿನಿಂದ ತಂದ. ಪತ್ರೊಡೆ, ಕೊಟ್ಟಿಗೆ, ಬಸಳೆ ಬೆಂದಿ, ಬಾಣಂತಿಯ ಲೇಹ್ಯ ಎಲ್ಲವನ್ನೂ ಆಕೆ ಮೂವತ್ತು ವರ್ಷ ಅದರಲ್ಲಿ ಬರೆದಿಟ್ಟಿದ್ದಳು. ಬರೆದದ್ದು ತುಳುವಿನಲ್ಲಿ, ಆಕೆ ಮಾತಾಡುತ್ತಿದ್ದ ಹಾಗೆಯೇ. ಹುಡುಗ ಪುಟ ತಿರುಗಿಸಿದ, ತಿರುಗಿಸಿದ, ಮುಚ್ಚಿ ನನ್ನ ಕೈಗೆ ಕೊಟ್ಟ. “ಅಜ್ಜಾ, ಇದು ಯಾವ ಭಾಷೆ?” ಎಂದು ಕೇಳಿದ.

ಅದು ಅವನದೇ ಭಾಷೆ. ನಾನು ಓದಿ ಹೇಳಿದರೆ ಪ್ರತಿಯೊಂದು ಶಬ್ದವೂ ಅವನಿಗೆ ಗೊತ್ತು. ಆದರೆ ಬರೆದದ್ದು ಕನ್ನಡ ಅಕ್ಷರದಲ್ಲಿ. ನಮ್ಮ ಕಡೆ ತುಳುವನ್ನು ಕಾಗದದಲ್ಲಿ ಬರೆಯುವುದು ಆ ಅಕ್ಷರದಲ್ಲಿ. ಕೊಂಕಣಿಯನ್ನೂ ಹವ್ಯಕವನ್ನೂ ಹೆಚ್ಚಾಗಿ ಅದರಲ್ಲಿಯೇ. ಕನ್ನಡ ಬಿಟ್ಟು ಹೋದ ಮಗುವಿಗೆ ತನ್ನ ಮನೆಮಾತಿನ ಬರಹವೂ ಇಲ್ಲವಾಗುತ್ತದೆ. ಅಜ್ಜಿ ಎದುರು ಕೂತು ಮಾತಾಡುತ್ತಿದ್ದರೂ ಕೇಳಿಸದ ಹಾಗೆ ಮಾಡಿದ್ದು ಯಾರು? ಕೇರಳ ಸರಕಾರವೇ? ಕರ್ನಾಟಕ ಸರಕಾರವೇ? ಅಲ್ಲ. ಆ ಪೆಟ್ಟಿಗೆಯಿಂದ ಪುಸ್ತಕ ತೆಗೆದ ಕೈ ಇದು. ಈಗ ಈ ಲೇಖನ ಬರೆಯುತ್ತಿರುವ ಕೈ.

* * *

ಸರಕಾರಗಳ ಮಾತು ಬಂತು. ಆ ವಿಷಯದಲ್ಲಿ ನಮಗೆ ನಾಲಿಗೆ ಉದ್ದ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನದಿಂದ ನಾವು ಕೂಗುತ್ತ ಬಂದಿದ್ದೇವೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಆ ವರದಿ ಕಪಾಟಿನಲ್ಲಿ ಕೂತಿತು. ನಮಗೆ ದುಃಖವಾಯಿತು, ಸಿಟ್ಟು ಬಂತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕ್ರಮ ಬಂದಾಗ ಮತ್ತೆ ಬೀದಿಗಿಳಿದೆವು. ಎಲ್ಲವೂ ನ್ಯಾಯವೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವಂತೆ ನೋಡಿಕೊಳ್ಳಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಅದನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಆದರೆ ಹಕ್ಕಿನ ಮನವಿಗೆ ಬೆಳಿಗ್ಗೆ ಸಹಿ ಹಾಕಿದ ಕೈ, ಸಂಜೆ ಗುಜರಿಯವನಿಂದ ಕಿಲೋಗೆ ಇಷ್ಟೆಂದು ಎಣಿಸಿಕೊಂಡರೆ ಆ ಸಹಿಗೆ ಏನು ಬೆಲೆ? ವರದಿಯನ್ನು ಕಪಾಟಿನಲ್ಲಿಟ್ಟರೆಂದು ದಿಲ್ಲಿಯನ್ನು ಬೈಯುತ್ತೇವೆ. ದಿಲ್ಲಿಯವರು ಕಪಾಟಿನಲ್ಲಾದರೂ ಇಟ್ಟರು. ನಾವು ಕಪಾಟನ್ನೇ ಹಡಗಿಗೆ ಹಾಕಿ, ಒಳಗಿದ್ದದ್ದನ್ನು ಮಾರಿದೆವು.

ಈ ಸಂಚಿಕೆಯ ಆ ಬದಿಯ ಪುಟಗಳನ್ನು ಓದುವ ಮಲಯಾಳಿ ಸ್ನೇಹಿತರು ನಗಬಹುದು. ಅವರಿಂದ ನಾವು ಕಲಿಯಬೇಕಾದದ್ದಿದೆ. ನಮಗಿಂತ ಮೊದಲೇ, ನಮಗಿಂತ ಬಹಳ ಹೆಚ್ಚು ಜನ ಅವರು ಕಡಲು ದಾಟಿದರು. ಹೋದಲ್ಲೆಲ್ಲ ಸಮಾಜಂ ಕಟ್ಟಿದರು, ಪತ್ರಿಕೆ ತರಿಸಿದರು, ಸಾಹಿತಿಗಳನ್ನು ಕರೆಸಿ ಭಾಷಣ ಮಾಡಿಸಿದರು. ಹೊರನಾಡಿನ ಮಕ್ಕಳಿಗೆ ಮಲಯಾಳ ಕಲಿಸಲೆಂದೇ ಕೇರಳ ಸರಕಾರ 2009ರಲ್ಲಿ ಮಲಯಾಳಂ ಮಿಷನ್ ಆರಂಭಿಸಿತು; ಕಣಿಕ್ಕೊನ್ನ, ಸೂರ್ಯಕಾಂತಿ, ಆಂಬಲ್, ನೀಲಕುರಿಂಜಿ ಎಂದು ಹೂವಿನ ಹೆಸರಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಪಾಠಗಳನ್ನು ಮಾಡಿತು. ನನ್ನ ಮಗ ಹೋದದ್ದೂ ಅದೇ ವರ್ಷ, ಮಿಕ್ಸಿ ಹೊತ್ತುಕೊಂಡು! ಪಕ್ಕದ ಮನೆಯವನ ಹಿತ್ತಿಲಲ್ಲಿ ಗಿಡ ನೆಡುವುದನ್ನು ನೋಡಿಯೂ ನಮಗೆ ಬುದ್ಧಿ ಬರಲಿಲ್ಲ. ನಮಗಾಗಿ ಅಂಥದನ್ನು ಯಾರು ಮಾಡಬೇಕು? ಬೆಂಗಳೂರಿನ ಕಣ್ಣಿಗೆ ನಾವು ಕೇರಳದವರು. ತಿರುವನಂತಪುರದ ಕಣ್ಣಿಗೆ ಕನ್ನಡದವರು. ಇಬ್ಬರ ಮಧ್ಯೆ ಉಳಿಯುವುದು ನಮ್ಮ ನಾಲ್ಕು ಪೆಟ್ಟಿಗೆ ಮಾತ್ರ.

* * *

ಇನ್ನು ಆಧುನಿಕರ ವಾದ. “ಈಗ ಎಲ್ಲವೂ ಫೋನಿನಲ್ಲಿದೆ ಮಾಸ್ಟ್ರೇ, ಪುಸ್ತಕ ಯಾಕೆ?” ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಹೆಸರುವಾಸಿ ಲೇಖಕರ ಎಷ್ಟೋ ಪುಸ್ತಕಗಳು ಗಣಕದಲ್ಲಿ ಸಿಗುತ್ತವೆ. ಸಿಗದಿದ್ದರೆ ಬೆಂಗಳೂರಿನಿಂದ ತರಿಸಬಹುದು. ಆದರೆ ಎಲ್ಲವೂ ಎಂದಿರಲ್ಲ, ಆ ಎಲ್ಲದರೊಳಗೆ ನಿಮ್ಮ ಅಜ್ಜನ ಪ್ರಸಂಗ ಇದೆಯೋ? ಅಂಚಿನಲ್ಲಿ ಅವರು ಬರೆದಿಟ್ಟ ಅರ್ಥದ ಟಿಪ್ಪಣಿ ಇದೆಯೋ? ಮುಂಬೈಯ ಹೋಟೆಲಿನಿಂದ ದೊಡ್ಡಪ್ಪ ಬರೆದ ಇನ್‌ಲ್ಯಾಂಡ್ ಕಾಗದ ಇದೆಯೋ? ಕೇರಳದ ಕನ್ನಡ ಮಾಧ್ಯಮ ಶಾಲೆಗಳಿಗೆಂದು ಇಲ್ಲಿಯೇ ತಯಾರಾಗುವ ಪಠ್ಯಪುಸ್ತಕ ಕರ್ನಾಟಕದ ಪಠ್ಯವಲ್ಲ. ನೀವು ಓದಿದ ಆ ಹಳೆಯ ಪುಸ್ತಕವನ್ನು ಬೆಂಗಳೂರಿನ ಅಂಗಡಿಯಲ್ಲಿ ಹುಡುಕಿ ನೋಡಿ.

ಮತ್ತೂ ಒಂದು. ಫೋನಿನಲ್ಲಿರುವುದು ಹುಡುಕುವವನಿಗೆ ಸಿಗುತ್ತದೆ. ಹುಡುಕಬೇಕೆಂದು ಮಗುವಿಗೆ ತಿಳಿಯುವುದು ಹೇಗೆ? ಬೆಂಗಳೂರಿನ ಮಗು ಶಾಲೆಯಲ್ಲಿ ಕಲಿಯದಿದ್ದರೂ ಬಸ್ಸಿನ ಬೋರ್ಡಿನಿಂದ, ಅಂಗಡಿಯ ಹಲಗೆಯಿಂದ ನಾಲ್ಕಕ್ಷರ ಹೆಕ್ಕಿಕೊಳ್ಳುತ್ತದೆ. ಪರದೇಶದಲ್ಲಿ ಬೆಳೆಯುವ ಮಗುವಿನ ಕಣ್ಣಿಗೆ ಕನ್ನಡದ ಅಕ್ಷರ ಬೀಳುವ ಜಾಗ ಇಡೀ ಊರಿನಲ್ಲಿ ಒಂದೇ: ಅದರ ಮನೆಯ ಗೋಡೆ. ಅಲ್ಲಿ ಒಂದು ಸಾಲು ಪುಸ್ತಕ ಇರಲಿ. ಬೆನ್ನಿನ ಮೇಲಿನ ಹೆಸರನ್ನಾದರೂ ಒಂದು ದಿನ “ಇದೇನು?” ಎಂದು ಕೇಳೀತು. ಕೇಳಿದಲ್ಲವೇ ಹೇಳಿಕೊಡಲು ಆಗುವುದು?

“ಮಕ್ಕಳು ಹೇಗೂ ಓದುವುದಿಲ್ಲ” ಎನ್ನುವವರಿಗೆ ಉತ್ತರ ಇನ್ನೂ ಚಿಕ್ಕದು. ಓದುವುದಿಲ್ಲ ಎಂದು ಪುಸ್ತಕ ಒಯ್ಯಲಿಲ್ಲ. ಪುಸ್ತಕ ಇಲ್ಲದ್ದರಿಂದ ಓದಲಿಲ್ಲ. ಮಗುವಿನ ತಪ್ಪು ಇದರಲ್ಲಿ ಎಲ್ಲಿದೆ?

* * *

ಹಾಗೆಂದು ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಹೋಗಿ ಎಂದು ನಾನು ಹೇಳುತ್ತಿಲ್ಲ. ಒಯ್ಯಬಾರದ ವಸ್ತುಗಳನ್ನು ಒಯ್ಯುವ ಹುಚ್ಚೂ ನಮ್ಮಲ್ಲಿ ಬೆಳೆಯುತ್ತಿದೆ. ಅಜ್ಜನ ಪೆಟ್ಟಿಗೆ ಒಳಗಿನ ಕಾಗದ ಕಳೆದುಕೊಂಡು, ಬರಿದಾಗಿ, ಪಾಲಿಶು ಹಚ್ಚಿಸಿಕೊಂಡು ಹಡಗು ಏರುತ್ತದೆ. ಅಲ್ಲಿ ಅದರ ಮೇಲೆ ಹೂದಾನಿ ಇಡುತ್ತಾರಂತೆ. ಪರಿಚಯದವರೊಬ್ಬರು ತಾಳೆಗರಿಯ ಕಟ್ಟೊಂದನ್ನು ಬಿಚ್ಚಿ, ನಾಲ್ಕು ಗರಿಗಳಿಗೆ ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗಲು ಒಯ್ಯಲು ಹೊರಟಿದ್ದರು. ಉಳಿದ ಗರಿಗಳು? “ಚೆನ್ನಾಗಿ ಕಾಣುವುದಿಲ್ಲ” ಎಂದರು. ಗ್ರಂಥವನ್ನು ಕೊಂದು ತೊಗಲನ್ನು ಗೋಡೆಗೆ ತೂಗುವ ಕೆಲಸ ಇದು.

ಕಾನೂನೂ ಇದನ್ನು ಒಪ್ಪುವುದಿಲ್ಲ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ಕುಸುರಿ ವಸ್ತುಗಳು ಪ್ರಾಚ್ಯವಸ್ತುಗಳು. ಸಾಹಿತ್ಯದ, ಇತಿಹಾಸದ ಅಥವಾ ವಿಜ್ಞಾನದ ಮೌಲ್ಯವುಳ್ಳ ಹಸ್ತಪ್ರತಿಗೆ ಎಪ್ಪತ್ತೈದೇ ವರ್ಷ ಸಾಕು. ಅವುಗಳನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಮರದ ಸಾಮಾನಿನ ಕತೆ ಬೇರೆ. ಆಸ್ಟ್ರೇಲಿಯಾದಲ್ಲಿ ಮರ, ಬಿದಿರು, ಹುಲ್ಲು, ಬೀಜಗಳ ತಪಾಸಣೆ ಬಹಳ ಬಿಗಿ. ಹುಳ ಕೊರೆದ ಗುರುತು ಕಂಡರೆ ಹೊಗೆ ಹಾಕಿಸುತ್ತಾರೆ, ಖರ್ಚು ನಮ್ಮದೇ. ಇಲ್ಲವೇ ನಾಶ ಮಾಡುತ್ತಾರೆ. ತೆಂಗಿನ ಕಡ್ಡಿಯ ಹಿಡಿಸೂಡಿ, ಮುಟ್ಟಾಳೆ, ತುಳಸಿಯ ಬೀಜ ಎಂದು ಆಸೆಯಿಂದ ಕಟ್ಟಿದ್ದು ಬಂದರಿನಲ್ಲೇ ಉಳಿಯಬಹುದು. ಅಚ್ಚಾದ ಪುಸ್ತಕಕ್ಕೆ ಈ ಕಾಟವಿಲ್ಲ. ಗೆದ್ದಲು, ಧೂಳು, ಒಣಗಿದ ಎಲೆ ಇಲ್ಲದೆ ಶುಚಿಯಾಗಿದ್ದರೆ ಆಯಿತು.

ಹಾಗಾದರೆ ಯಾವುದು ಹೋಗಬೇಕು, ಯಾವುದು ಉಳಿಯಬೇಕು? ಮೂರು ರಾಶಿ ಮಾಡಿ ಎನ್ನುತ್ತೇನೆ, ಎರಡಲ್ಲ.

ಒಂದನೆಯದು ಹೋಗುವ ರಾಶಿ. ಮಕ್ಕಳು ಓದಬಹುದಾದ ಪುಸ್ತಕ, ಅಕ್ಷರಮಾಲೆಯಿಂದ ಹಿಡಿದು. ನೀವು ನಿಜವಾಗಿ ಪ್ರೀತಿಸಿದ ಕಾದಂಬರಿ, ಕವಿತೆ. ಅಮ್ಮನ ಅಡುಗೆಯ ಬರಹ, ಹಿರಿಯರ ಪತ್ರಗಳು, ನಿಮ್ಮ ಶಾಲೆಯ ಕಾಪಿ ಪುಸ್ತಕ. ನಾಲ್ಕು ಪೆಟ್ಟಿಗೆ, ಹೆಚ್ಚು ಬೇಡ. ಅಡುಗೆಮನೆಯಿಂದ ಹೆರೆಮಣೆ, ಶ್ಯಾವಿಗೆ ಒರಳು ಹೋಗಲಿ. ಅವಕ್ಕೆ ವೋಲ್ಟಿನ ಹಂಗಿಲ್ಲ. ಮಣೆ ಮರದ್ದಾದರೆ ಮೊದಲು ಹುಳು ನೋಡಿಕೊಳ್ಳಿ, ಇಳಿಯುವಲ್ಲಿ ಮುಚ್ಚಿಡದೆ ಹೇಳಿ.

ಎರಡನೆಯದು ಇಲ್ಲಿಯೇ ಉಳಿಯಬೇಕಾದ ರಾಶಿ. ಮೂಲಗೇಣಿ, ಚಾಲಗೇಣಿಯ ಚೀಟಿಗಳು, 1956ಕ್ಕೆ ಮೊದಲಿನ ದಸ್ತಾವೇಜುಗಳು, 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾದಾಗಿನ ಕಾಗದಗಳು. ಇವು ಈ ಮಣ್ಣಿನ ಸಾಕ್ಷಿ. ಈ ನೆಲದಲ್ಲಿ ಕನ್ನಡ ಎಲ್ಲಿಂದ ಬಂತು ಎಂದು ನಾಳೆ ಯಾರಾದರೂ ಕೇಳಿದರೆ ನಮ್ಮ ಭಾಷಣ ಉತ್ತರವಲ್ಲ, ಈ ಚೀಟಿಗಳೇ ಉತ್ತರ. ಇವುಗಳ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ. ಮೂಲವನ್ನು ಊರಿನಲ್ಲಿರುವ ಜವಾಬ್ದಾರಿಯ ದಾಯಾದಿಗೆ ಒಪ್ಪಿಸಿ. ತಾಳೆಗರಿ, ಕೈಬರಹದ ಹಳೆಯ ಪ್ರಸಂಗ ಇದ್ದರೆ ಗ್ರಂಥ ಉಳಿಸಬಲ್ಲ ಸಂಸ್ಥೆಗಳನ್ನು ಕೇಳಿ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ನಾವು ಪ್ರಸಂಗದ ಪುಸ್ತಕವನ್ನು ಕಿಲೋ ಲೆಕ್ಕದಲ್ಲಿ ಮಾರಿದೆವೆಂದರೆ ಯಕ್ಷಗಾನದ ಹೆಸರೆತ್ತುವ ಬಾಯಿ ನಮಗೆಲ್ಲಿಯದು?

ಮೂರನೆಯದು ಕೊಡುವ ರಾಶಿ. ಉಳಿದ ಪುಸ್ತಕಗಳನ್ನು ನೀವು ಓದಿದ ಕನ್ನಡ ಶಾಲೆಗೆ, ಊರಿನ ವಾಚನಾಲಯಕ್ಕೆ ಕೊಡಿ. ಸುಮ್ಮನೆ ಗೋಣಿಯಲ್ಲಿ ತುಂಬಿ ಬಾಗಿಲಿಗೆ ಎಸೆಯಬೇಡಿ. ಹರಿದದ್ದನ್ನು ಬೇರೆ ಮಾಡಿ, ಪಟ್ಟಿ ಬರೆದು, ಕೈಯಲ್ಲಿ ಒಪ್ಪಿಸಿ. ಗುಜರಿಗೆ ಹೋಗಲೇಬೇಕಾದ ಕಾಗದವೂ ಇರುತ್ತದೆ, ಒಪ್ಪಿದೆ. ಅದು ಕೊನೆಗೆ ಉಳಿದದ್ದಾಗಬೇಕು, ಮೊದಲು ಆರಿಸಿದ್ದಲ್ಲ.

ಸೋಫಾದ ಬಗ್ಗೆ ನನ್ನ ಅಭಿಪ್ರಾಯ ಕೇಳುವಿರಾದರೆ, ಅದು ನಾಲ್ಕನೆಯ ರಾಶಿ. ಇಲ್ಲಿಯೇ ಮಾರಿ.

* * *

ನನ್ನ ಶಿಷ್ಯನ ಕತೆ ಅರ್ಧಕ್ಕೆ ನಿಲ್ಲಿಸಿದೆ. ಆ ದಿನ ನಾನು ಭಾಷಣ ಮಾಡಲಿಲ್ಲ. ಚಾವಡಿಯಲ್ಲಿ ಕೂತು, ಮಿಕ್ಸಿಯ ಕತೆಯನ್ನೂ ಮೊಮ್ಮಗನ ಪ್ರಶ್ನೆಯನ್ನೂ ಹೇಳಿದೆ. ಅವನ ಹೆಂಡತಿ ಒಳಗಿನಿಂದ ಅಳತೆಯ ಟೇಪು ತಂದಳು. ಸೋಫಾ ಅಳೆದೆವು, ಪೆಟ್ಟಿಗೆ ಅಳೆದೆವು, ಹಳೆಯ ಕಾಪಿ ಪುಸ್ತಕದ ಖಾಲಿ ಹಾಳೆಯ ಮೇಲೆ ಭಾಗಾಕಾರ ಮಾಡಿದೆವು. ಲೆಕ್ಕ ಅವನು ಮಾಡಿದ, ನಾನು ಸರಿ ಗುರುತು ಹಾಕಿದೆ. ಸೋಫಾ ಮಾತ್ರ ಬಿಡಲಿಲ್ಲ ಅವನು; ಮಾವ ಕೊಟ್ಟದ್ದಂತೆ. ಬಟ್ಟೆ ಒಗೆಯುವ ಯಂತ್ರ ಇಲ್ಲಿ ಉಳಿಯಿತು. ಏಳು ಪೆಟ್ಟಿಗೆ ಹಿಡಿಯುವ ಜಾಗದಲ್ಲಿ ಐದು ಪೆಟ್ಟಿಗೆ ಪುಸ್ತಕ ಹೋಯಿತು. ಗೇಣಿ ಚೀಟಿಗಳು ಅವನ ಚಿಕ್ಕಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಪ್ರಸಂಗಗಳನ್ನು ನಾನು ತಂದಿಟ್ಟುಕೊಂಡಿದ್ದೇನೆ, ಸರಿಯಾದ ಜಾಗಕ್ಕೆ ಸೇರಿಸುವ ತನಕ.

ಆ ಮಗು ಕನ್ನಡ ಓದುತ್ತದೆ ಎಂದು ನಾನು ಭರವಸೆ ಕೊಡಲಾರೆ. ಐದು ಪೆಟ್ಟಿಗೆ ಹೋದ ಮಾತ್ರಕ್ಕೆ ಭಾಷೆ ಉಳಿಯುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಒಬ್ಬರು ಬೇಕು. ಆದರೆ ಪುಸ್ತಕ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಭರವಸೆಯಿಂದ ಹೇಳಬಲ್ಲೆ. ಅದು ನನ್ನ ಮನೆಯಲ್ಲಿ ಆಗಿಹೋಗಿದೆ.

ಈ ವರ್ಷವೂ ನಮ್ಮ ಹತ್ತು ಮನೆಗಳಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ನಡೆಯುತ್ತದೆ. ಸಾಮಾನು ನೋಡಲು ಬರುವವನು ಟೇಪು ಹಿಡಿದು ಬರುತ್ತಾನೆ, ತಕ್ಕಡಿಯನ್ನಲ್ಲ. ಅದನ್ನು ನೆನಪಿಡಿ. ಮೊದಲು ಕಪಾಟಿನ ಬಾಗಿಲು ತೆರೆಯಿರಿ, ಆಮೇಲೆ ಸೋಫಾ ಅಳೆಯಿರಿ.

ನನ್ನ ಹೆಂಡತಿಯ ಅಡುಗೆ ಪುಸ್ತಕ ಈಗ ಟೊರೆಂಟೋದಲ್ಲಿದೆ. ಹೋಗುವಾಗ ಹುಡುಗನೇ ಕೇಳಿ ತೆಗೆದುಕೊಂಡ. ಜೊತೆಗೆ ಒಂದನೇ ತರಗತಿಯ ಕನ್ನಡ ಪುಸ್ತಕವನ್ನೂ ಇಟ್ಟೆ. ತೂಕ ಹೆಚ್ಚಾಯಿತೆಂದು ವಿಮಾನ ನಿಲ್ದಾಣದಲ್ಲಿ ಏನಾದರೂ ತೆಗೆಯಿರಿ ಎಂದರು. ಈ ಸಲ ನಾನು ಉಪ್ಪಿನಕಾಯಿ ತೆಗೆದೆ.